ವಿಂಡೋಸ್ 11ಕ್ಕೆ ಹೋದ ಮೇಲೆ ಲ್ಯಾಪ್‌ಟಾಪ್ ಚಾರ್ಜ್ ಮೂರೂಕಾಲು ಗಂಟೆಗೇ ಖಾಲಿ. ಬ್ಯಾಟರಿ ಹಾಕಿಸಬೇಕಾ, ಬೇರೇನಾದ್ರೂ ಇದೆಯಾ?

ರಸಬಾಳೆ
ಎಲ್ಲರಿಗೂ ನಮಸ್ಕಾರ. 14 ಇಂಚಿನ ಲ್ಯಾಪ್‌ಟಾಪ್, ಇಂಟೆಲ್ ಐ5-1135ಜಿ7, ಜೊತೆಗೆ ಎನ್‌ವಿಡಿಯಾ ಎಂಎಕ್ಸ್450 ಗ್ರಾಫಿಕ್ಸ್ ಚಿಪ್, 16 ಜಿಬಿ ರ‍್ಯಾಮ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತಲ್ಲ, ಅದಕ್ಕೇ 11ಕ್ಕೆ ಅಪ್‌ಗ್ರೇಡ್. ಮೊದಲು ಬ್ರೌಸರ್, ವರ್ಡ್, ನುಡಿ ಇಷ್ಟಕ್ಕೆ ಐದೂವರೆ ಗಂಟೆ ಬರ್ತಿತ್ತು. ಈಗ ಅದೇ ಕೆಲಸಕ್ಕೆ ಮೂರೂಕಾಲು. ರಾತ್ರಿ ಮುಚ್ಚಿಟ್ಟರೆ ಬೆಳಿಗ್ಗೆಗೆ 15-20 ಪರ್ಸೆಂಟ್ ಮಾಯ. ಅಂಗಡಿಯಲ್ಲಿ ಕೇಳಿದ್ರೆ ಮಷೀನ್ ಆನ್ ಕೂಡ ಮಾಡದೆ "ಬ್ಯಾಟರಿ ಹೋಗಿದೆ, ಹೊಸದು ಹಾಕ್ಸಿ" ಅಂತಾರೆ. ಅಪ್‌ಗ್ರೇಡ್ ಮಾಡಿದ ವಾರಕ್ಕೇ ಸರಿಯಾಗಿ ಬ್ಯಾಟರಿ ಹೋಗೋದು ನಂಬೋ ಮಾತಾ? ಮೈಸೂರಲ್ಲೇ ಇರೋದು, ದುಡ್ಡು ಕೊಡೋಕೆ ಮುಂಚೆ ನಿಮ್ಮನ್ನೆಲ್ಲ ಕೇಳೋಣ ಅಂತ.

ಕಬ್ಬಿನಗದ್ದೆ
ಒಸಿ ತಾಳ್ಕಳಿ ಗುರೂ. ಅಪ್‌ಗ್ರೇಡ್ ಆದ್ಮೇಲೆ ಒಂದು ವಾರ ಹಂಗೇ ಇರ್ತದೆ, ಆಮೇಲೆ ಸರಿ ಹೋಯ್ತದೆ.

ಮಿಲಿವ್ಯಾಟ್
ತಾಳೋದು ಸರಿ, ಆದ್ರೆ ಕಣ್ಣು ಮುಚ್ಚಿಕೊಂಡು ಯಾಕೆ ತಾಳಬೇಕು? ಇಲ್ಲಿ ಎರಡು ಬೇರೆ ಪ್ರಶ್ನೆ ಇವೆ. ಬ್ಯಾಟರಿಯಲ್ಲಿ ಎಷ್ಟು ತುಂಬುತ್ತೆ ಅನ್ನೋದು ಒಂದು, ಮಷೀನು ಗಂಟೆಗೆ ಎಷ್ಟು ಕುಡಿಯುತ್ತೆ ಅನ್ನೋದು ಇನ್ನೊಂದು. ಅಪ್‌ಗ್ರೇಡ್ ಮೊದಲನೆಯದನ್ನ ಮುಟ್ಟೋಕೆ ಸಾಧ್ಯವೇ ಇಲ್ಲ. ಸೆಲ್ ಒಳಗಿನ ಲಿಥಿಯಂಗೆ ವಿಂಡೋಸ್ 10 ಯಾವುದು, 11 ಯಾವುದು ಗೊತ್ತಿಲ್ಲ.

ಟರ್ಮಿನಲ್ ತೆಗೆದು ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್ ಕೊಡಿ (ಟೈಪ್ ಮಾಡೋದು ಇಂಗ್ಲಿಷ್ ಅಕ್ಷರದಲ್ಲೇ, ಓರೆ ಗೆರೆಗೆ ಮುಂಚೆ ಒಂದು ಸ್ಪೇಸ್). ಒಂದು ಎಚ್‌ಟಿಎಂಎಲ್ ಫೈಲ್ ಹುಟ್ಟುತ್ತೆ, ಎಲ್ಲಿ ಅಂತ ಅದೇ ಹೇಳುತ್ತೆ. ಬ್ರೌಸರಲ್ಲಿ ತೆರೆದು ಡಿಸೈನ್ ಕೆಪಾಸಿಟಿ (ಹೊಸದಿದ್ದಾಗ ತುಂಬೋದು), ಫುಲ್ ಚಾರ್ಜ್ ಕೆಪಾಸಿಟಿ (ಈಗ ತುಂಬೋದು), ಸೈಕಲ್ ಕೌಂಟ್ (ಎಷ್ಟು ಪೂರ್ತಿ ಚಾರ್ಜ್ ಖರ್ಚಾಗಿದೆ ಅನ್ನೋ ಲೆಕ್ಕ) ಇಲ್ಲಿ ಹಾಕಿ. ಕೆಳಗೆ ಬ್ಯಾಟರಿ ಕೆಪಾಸಿಟಿ ಹಿಸ್ಟರಿ ಅಂತ ವಾರವಾರದ ಪಟ್ಟಿ ಇರುತ್ತೆ. ಅಪ್‌ಗ್ರೇಡ್ ಆದ ವಾರ ಅಲ್ಲಿ ಏನಾದ್ರೂ ದಬಕ್ಕನೆ ಬಿದ್ದಿದೆಯಾ ನೋಡಿ.

ರಸಬಾಳೆ
ಡಿಸೈನ್ 42,000, ಫುಲ್ ಚಾರ್ಜ್ 35,700, ಎರಡೂ ಮಿಲಿವ್ಯಾಟ್ ಅವರ್. ಸೈಕಲ್ ಕೌಂಟ್ ಜಾಗದಲ್ಲಿ ಬರೀ ಗೀಟು. ಹಿಸ್ಟರಿಯಲ್ಲಿ ನಿಧಾನಕ್ಕೆ ಇಳಿದಿದೆ, ಒಮ್ಮೆಗೇ ಬಿದ್ದಿಲ್ಲ.

ಮಿಲಿವ್ಯಾಟ್
ಸೈಕಲ್ ಕೌಂಟ್ ಗೀಟಾದ್ರೆ ನಿಮ್ಮ ಬ್ಯಾಟರಿ ಅದನ್ನ ಹೇಳಲ್ಲ ಅಷ್ಟೆ, ಚಿಂತೆ ಬೇಡ. 35.7ನ್ನ 42ರಿಂದ ಭಾಗಿಸಿದ್ರೆ 85 ಪರ್ಸೆಂಟ್. ವಯಸ್ಸಾಗಿದೆ, ಸತ್ತಿಲ್ಲ.

ಈಗ ಲೆಕ್ಕ. ಐದೂವರೆ ಗಂಟೆ ಬರ್ತಿತ್ತು ಅಂದ್ರೆ 35.7 ÷ 5.5, ಸುಮಾರು 6.5 ವ್ಯಾಟ್ ಕುಡೀತಿತ್ತು. ಈಗ 35.7 ÷ 3.25, ಅಂದ್ರೆ 11 ವ್ಯಾಟ್. ತಪ್ಪು ಬ್ಯಾಟರಿಯದೇ ಆಗಿದ್ದು, ಖರ್ಚು ಅದೇ 6.5ರಲ್ಲಿ ನಿಂತಿದ್ರೆ ಫುಲ್ ಚಾರ್ಜ್ 21,000ದ ಹತ್ತಿರ, ಅಂದ್ರೆ ಡಿಸೈನಿನ ಅರ್ಧಕ್ಕೆ ಬಂದಿರಬೇಕಿತ್ತು. ಬಂದಿಲ್ಲ. ನಾಲ್ಕೂವರೆ ವ್ಯಾಟ್ ಎಲ್ಲೋ ಸೋರ್ತಿದೆ, ಅದನ್ನ ಹುಡುಕಬೇಕು. ಅಂಗಡಿಯವರು ಹೊಸ ಬ್ಯಾಟರಿ ಹಾಕಿದ್ರೂ 42 ÷ 11, ನಾಲ್ಕು ಗಂಟೆಯೂ ಬರಲ್ಲ.

ಸ್ಕ್ರೂಡ್ರೈವರ್
ರಿಪೋರ್ಟನ್ನ ಅಷ್ಟು ನಂಬಬೇಡಿ ಸಾರ್. ಆ 35,700 ಅಳೆದ ಅಂಕಿ ಅಲ್ಲ, ಬ್ಯಾಟರಿಯೊಳಗಿನ ಗೇಜ್ ಚಿಪ್ಪಿನ ಅಂದಾಜು. ಸದಾ ಚಾರ್ಜರಲ್ಲೇ ಇರೋ ಮಷೀನಲ್ಲಿ ಆ ಅಂದಾಜು ತಿಂಗಳುಗಟ್ಟಲೆ ಹಳಸಿರುತ್ತೆ. ಮೇಲಾಗಿ ಹಳೇ ಸೆಲ್‌ಗಳ ಒಳರೋಧ ಏರಿರುತ್ತೆ. ಸುಮ್ಮನಿದ್ದಾಗ ವೋಲ್ಟೇಜ್ ಚೆನ್ನಾಗಿ ಕಾಣುತ್ತೆ, ಲೋಡ್ ಬಿದ್ದ ತಕ್ಷಣ ಕುಸಿಯುತ್ತೆ. 30 ಪರ್ಸೆಂಟ್ ತೋರಿಸ್ತಿದ್ದಾಗಲೇ ಆಫ್ ಆಗೋ ಮಷೀನ್‌ಗಳು ಇದೇ ಜಾತಿ. ರಸಬಾಳೆಯವರೇ, 30ರಿಂದ ಒಮ್ಮೆಗೇ 5ಕ್ಕೆ ಜಿಗಿಯುತ್ತಾ, ಇಲ್ಲ ಒಂದೇ ಸಮ ಇಳಿಯುತ್ತಾ?

ರಸಬಾಳೆ
ಒಂದೇ ಸಮ ಇಳಿಯುತ್ತೆ, ಬೇಗ ಬೇಗ.

ಸ್ಕ್ರೂಡ್ರೈವರ್
ಹಾಗಾದ್ರೆ ಮಿಲಿವ್ಯಾಟ್ ಲೆಕ್ಕವೇ ಸರಿ. ಸೆಲ್ ಕೆಟ್ಟಿದ್ರೆ ಮಧ್ಯೆ ಒಂದು ಹಳ್ಳ ಕಾಣ್ತಿತ್ತು. ಗೇಜ್ ಬಗ್ಗೆ ಸಂಶಯ ಇದ್ರೆ ಒಂದು ಸಲ ಪೂರ್ತಿ 100 ಮಾಡಿ, ಪ್ಲಗ್‌ನಲ್ಲೇ ಎರಡು ಗಂಟೆ ಬಿಟ್ಟು, ಆಮೇಲೆ ಸಾಧಾರಣ ಕೆಲಸದಲ್ಲಿ 5ರವರೆಗೆ ಇಳಿಸಿ, ತಡೆಯಿಲ್ಲದೆ ಮತ್ತೆ 100 ಮಾಡಿ. ಚಿಪ್ಪು ಹೊಸದಾಗಿ ಕಲಿಯುತ್ತೆ, ಬ್ಯಾಟರಿ ಹೊಸದಾಗಲ್ಲ. ಇದನ್ನ ವಾರಕ್ಕೊಂದು ವ್ರತದ ಥರ ಮಾಡೋರಿದ್ದಾರೆ, ಅದು ಸವೆತ ಅಷ್ಟೆ.

ಕಬ್ಬಿನಗದ್ದೆ
ನಾನೂ ಅದನ್ನೇ ಏಳಿದ್ದು ಕಣ್ರೀ, ಬ್ಯಾಟರಿ ಅಲ್ಲ ಅಂತ. ಅಪ್‌ಗ್ರೇಡ್ ಆದ್ಮೇಲೆ ಸರ್ಚ್ ಇಂಡೆಕ್ಸರ್ ಎಲ್ಲ ಫೈಲನ್ನೂ ಮೊದಲಿಂದ ಓದ್ತದೆ, ಡಿಫೆಂಡರ್ ಸ್ಕ್ಯಾನ್ ಓಡ್ತದೆ, ಒನ್‌ಡ್ರೈವ್ ಸಿಂಕ್ ಹಿಡ್ಕತದೆ, ಸ್ಟೋರ್ ಆ್ಯಪ್‌ಗಳು ಒಂದೊಂದಾಗಿ ಅಪ್‌ಡೇಟ್ ಆಯ್ತವೆ. ಚಾರ್ಜರ್ ಹಾಕಿ, ಸ್ಲೀಪ್ ಆಫ್ ಮಾಡಿ, ಮುಚ್ಚಳ ತೆಗೆದು ಒಂದೆರಡು ರಾತ್ರಿ ಬುಟ್ಬುಡಿ. ಆ ಕೆಲ್ಸ ಎಲ್ಲ ಕರೆಂಟಲ್ಲೇ ಮುಗೀತದೆ.

ಇನ್ನೊಂದು. ಪ್ರೈವೆಸಿ ಅಂಡ್ ಸೆಕ್ಯುರಿಟಿ ಒಳಗೆ ಸರ್ಚಿಂಗ್ ವಿಂಡೋಸ್ ಅಂತ ಐತೆ, ಅಲ್ಲಿ ಕ್ಲಾಸಿಕ್ ಇರ್ಲಿ. ಎನ್‌ಹಾನ್ಸ್ಡ್ ಇದ್ರೆ ಇಡೀ ಡಿಸ್ಕನ್ನೇ ಜಾಲಾಡ್ತದೆ.

ಕುಕ್ಕರಹಳ್ಳಿ_ಕೊಕ್ಕರೆ
ಪವರ್ ಮೋಡ್ ನೋಡಿದ್ರಾ? ಸಿಸ್ಟಮ್ → ಪವರ್ ಅಂಡ್ ಬ್ಯಾಟರಿ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಪ್ಲಗ್ ಇದ್ದಾಗ ಒಂದು, ಬ್ಯಾಟರಿಯಲ್ಲಿದ್ದಾಗ ಒಂದು, ಬೇರೆ ಬೇರೆ ಇಡಬಹುದು. ಬ್ಯಾಟರಿಗೆ ಬೆಸ್ಟ್ ಪವರ್ ಎಫಿಶಿಯನ್ಸಿ ಹಾಕಿ. ಪ್ರೊಸೆಸರ್ ಮ್ಯಾಕ್ಸಿಮಂ ಸ್ಟೇಟನ್ನ 99 ಪರ್ಸೆಂಟಿಗೆ ಇಳಿಸಿದ್ರೆ ಟರ್ಬೋ ಬೂಸ್ಟ್ (ಪ್ರೊಸೆಸರ್ ಸ್ವಲ್ಪ ಹೊತ್ತು ವೇಗ ಏರಿಸ್ಕೊಳ್ಳೋದು) ನಿಲ್ಲುತ್ತೆ, ಅದೂ ಒಂದು ಉಪಾಯ.

ಮಿಲಿವ್ಯಾಟ್
ಪವರ್ ಮೋಡ್ ಒಪ್ಪಿದೆ, 99ರ ಉಪಾಯ ಒಪ್ಪಲ್ಲ. ಸಣ್ಣ ಕೆಲಸವನ್ನ ಟರ್ಬೋದಲ್ಲಿ ಬೇಗ ಮುಗಿಸಿ ಪ್ರೊಸೆಸರ್ ಮಲಗಿಬಿಡೋದೇ ಎಷ್ಟೋ ಸಲ ಕಡಿಮೆ ಖರ್ಚು. ಟರ್ಬೋ ಕಿತ್ತರೆ ಅದೇ ಪುಟ ತೆರೆಯೋಕೆ ಹೆಚ್ಚು ಹೊತ್ತು ಎಚ್ಚರ ಇರುತ್ತೆ, ಅಷ್ಟು ಹೊತ್ತೂ ಸ್ಕ್ರೀನ್ ಉರೀತಿರುತ್ತೆ.

ಕುಕ್ಕರಹಳ್ಳಿ_ಕೊಕ್ಕರೆ
ಬ್ರೌಸರಲ್ಲಿ ಇಪ್ಪತ್ತು ಟ್ಯಾಬ್ ತೆರೆದವರ ಪ್ರೊಸೆಸರ್ ಮಲಗೋದು ಯಾವಾಗ ಸಾರ್? ಅದು ಕ್ಷಣಕ್ಕೊಮ್ಮೆ ಬೂಸ್ಟ್ ಹೊಡೀತಾನೇ ಇರುತ್ತೆ. ಫ್ಯಾನ್ ಸದ್ದು ನಿಲ್ಲೋದಂತೂ ಗ್ಯಾರಂಟಿ.

ಮಿಲಿವ್ಯಾಟ್
ಫ್ಯಾನ್ ವಿಷಯಕ್ಕೆ ಒಪ್ಪಿದೆ. ಮಿಕ್ಕದ್ದು ಅಳೆದು ನೋಡಿದವರು ಹೇಳಲಿ. ಎಚ್‌ಡಬ್ಲ್ಯೂಇನ್ಫೋ ಅನ್ನೋ ಅಳತೆ ಪ್ರೋಗ್ರಾಂನಲ್ಲಿ ಬ್ಯಾಟರಿ ಭಾಗಕ್ಕೆ ಹೋದ್ರೆ ಚಾರ್ಜ್ ರೇಟ್ ವ್ಯಾಟ್‌ನಲ್ಲಿ ಬರುತ್ತೆ, ಖರ್ಚಾಗ್ತಿದ್ರೆ ಮೈನಸ್. ಪ್ಲಗ್ ಕಿತ್ತು, ಬ್ರೈಟ್‌ನೆಸ್ 50ಕ್ಕೆ ಇಟ್ಟು, ಹತ್ತು ನಿಮಿಷ ಮುಟ್ಟದೆ ಬಿಟ್ಟು ನೋಡಬೇಕು. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಾಯಿಸಿ. ಐದು ಒಟ್ಟಿಗೆ ಬದಲಾಯಿಸಿದ್ರೆ ಯಾವುದು ಗುಣ ಮಾಡ್ತು ಅಂತ ಗೊತ್ತಾಗಲ್ಲ.

ವೀಳ್ಯದೆಲೆ
ನಾಲ್ಕೂವರೆ ವ್ಯಾಟ್ ಹೆಚ್ಚು + ಎಂಎಕ್ಸ್450 ಅಂದ ಕೂಡಲೇ ನನ್ನ ಅನುಮಾನ ಎನ್‌ವಿಡಿಯಾ ಮೇಲೆ. ಇಂಥ ಮಷೀನಲ್ಲಿ ಡೆಸ್ಕ್‌ಟಾಪನ್ನ ನಡೆಸೋದು ಇಂಟೆಲ್ ಗ್ರಾಫಿಕ್ಸ್, ಕೆಲಸ ಇಲ್ಲದಾಗ ಎನ್‌ವಿಡಿಯಾಗೆ ವಿದ್ಯುತ್ತೇ ಹೋಗಬಾರದು. ಅಪ್‌ಗ್ರೇಡ್ ಹೊತ್ತಲ್ಲಿ ಲ್ಯಾಪ್‌ಟಾಪ್ ಕಂಪನಿಯ ಡ್ರೈವರ್ (ಆ ಭಾಗವನ್ನ ನಡೆಸೋ ಸಾಫ್ಟ್‌ವೇರ್) ಹೋಗಿ ವಿಂಡೋಸ್ ಅಪ್‌ಡೇಟಿನ ಸಾಮಾನ್ಯ ಡ್ರೈವರ್ ಬಂದು ಕೂತ್ರೆ ಅದು ಮಲಗೋದೇ ಇಲ್ಲ. ಇಲ್ಲಾಂದ್ರೆ ಯಾವುದೋ ಪ್ರೋಗ್ರಾಂ ಅದನ್ನ ಎಬ್ಬಿಸಿ ಕೂರಿಸಿರುತ್ತೆ. ಹಾಗೆ ಎದ್ದು ಕೂತ್ರೆ ಸುಮ್ಮನೆ ಮೂರರಿಂದ ಎಂಟು ವ್ಯಾಟ್.

ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆಗೆದು, ಮೇಲಿನ ಡೆಸ್ಕ್‌ಟಾಪ್ ಮೆನುವಿನಲ್ಲಿ ಡಿಸ್‌ಪ್ಲೇ ಜಿಪಿಯು ಆ್ಯಕ್ಟಿವಿಟಿ ಐಕಾನ್ ಟಿಕ್ ಮಾಡಿ. ಗಡಿಯಾರದ ಪಕ್ಕ ಒಂದು ಐಕಾನ್ ಬರುತ್ತೆ. ಬಣ್ಣ ಬಂದಿದ್ರೆ ಯಾರೋ ಬಳಸ್ತಿದ್ದಾರೆ. ಒತ್ತಿದ್ರೆ ಯಾವ ಪ್ರೋಗ್ರಾಂ ಅಂತ ಪಟ್ಟಿ. ಆ ಪ್ರೋಗ್ರಾಂಗೆ ಸಿಸ್ಟಮ್ → ಡಿಸ್‌ಪ್ಲೇ → ಗ್ರಾಫಿಕ್ಸ್‌ನಲ್ಲಿ ಪವರ್ ಸೇವಿಂಗ್ ಆಯ್ಕೆ ಕೊಡಿ, ಇಂಟೆಲ್ ಕಡೆ ಹೋಗುತ್ತೆ.

ಒಂದು ಎಚ್ಚರಿಕೆ: ಮಿಲಿವ್ಯಾಟ್ ಹೇಳಿದ ಎಚ್‌ಡಬ್ಲ್ಯೂಇನ್ಫೋ ಅಥವಾ ಎನ್‌ವಿಡಿಯಾ-ಎಸ್‌ಎಂಐ (ಎನ್‌ವಿಡಿಯಾದ್ದೇ ಅಳತೆ ಪ್ರೋಗ್ರಾಂ) ಓಡ್ತಿದ್ರೆ, ಅಳೆಯೋ ನೆಪದಲ್ಲಿ ಅದೇ ಎನ್‌ವಿಡಿಯಾವನ್ನ ತಟ್ಟಿ ಎಬ್ಬಿಸ್ತಿರುತ್ತೆ. ಅದರಲ್ಲಿ ಜಿಪಿಯು ಸೆನ್ಸರ್‌ಗಳನ್ನ ಆಫ್ ಮಾಡಿ, ಇಲ್ಲ ನಿರ್‌ಸಾಫ್ಟ್‌ನ ಬ್ಯಾಟರಿಇನ್ಫೋವ್ಯೂ ಬಳಸಿ.

ಮಿಲಿವ್ಯಾಟ್
ಒಳ್ಳೇ ಪಾಯಿಂಟ್. ಬ್ಯಾಟರಿಇನ್ಫೋವ್ಯೂ ಇನ್ನೂ ಹಗುರ, ಅದೇ ಸರಿ.

ಟಕ್ಸ್_ಮಂಡ್ಯ
ಇಷ್ಟೆಲ್ಲ ಯಾಕೆ? ಲಿನಕ್ಸ್ ಹಾಕ್ಕೊಳ್ಳಿ.

ಸ್ಕ್ರೂಡ್ರೈವರ್
ಬಂದ್ರಪ್ಪ.

ಕುಕ್ಕರಹಳ್ಳಿ_ಕೊಕ್ಕರೆ
ಲಿನಕ್ಸ್‌ನಲ್ಲಿ ಅಪ್‌ಗ್ರೇಡ್ ಆದ್ರೆ ಬ್ಯಾಟರಿ ಇಳಿಯೋದೇ ಇಲ್ವಾ ಟಕ್ಸ್ ಅವ್ರೇ? ಉಬುಂಟು 22.04ರಿಂದ 24.04ಕ್ಕೆ ಹೋದವರು ಇದೇ ಗೋಳು ತೋಡ್ಕೊಂಡಿದ್ದನ್ನ ಓದಿದ್ದೀನಿ.

ಟಕ್ಸ್_ಮಂಡ್ಯ
ಇಳೀತದೆ, ಯಾಕೆ ಅಂತ ಹುಡುಕೋದು ಸುಲಭ ಅಷ್ಟೆ. ಮುಖ್ಯವಾಗಿ ಎರಡು ಕಾರಣ. ನೀವು ಹಿಂದೆ ಟಿಎಲ್‌ಪಿ ಅನ್ನೋ ಪವರ್ ಉಳಿಸೋ ಪ್ರೋಗ್ರಾಂ ಹಾಕಿರ್ತೀರ, ಜೊತೆಗೆ ಉಬುಂಟುವಿನ ಪವರ್-ಪ್ರೊಫೈಲ್ಸ್-ಡೀಮನ್ ಕೂಡ ಓಡ್ತಿರ್ತದೆ. ಎರಡೂ ಒಂದೇ ಗುಂಡಿಗಳನ್ನ ತಿರುವೋದು. ಒಂದನ್ನ ತೆಗೀಬೇಕು, ಯಾವುದಾದ್ರೂ ಸರಿ. ಎರಡನೆಯದು ಸ್ಲೀಪ್. /ಸಿಸ್/ಪವರ್/ಮೆಮ್_ಸ್ಲೀಪ್ ಫೈಲ್ ಓದಿ ನೋಡಿ, ಎಸ್2ಐಡಲ್ (ಅರೆ ನಿದ್ದೆ) ಸುತ್ತ ಚೌಕ ಕಂಸ ಇದ್ದು, ಪಕ್ಕದಲ್ಲಿ ಡೀಪ್ (ಗಾಢ ನಿದ್ದೆ) ಅಂತಲೂ ಇದ್ರೆ ಗ್ರಬ್‌ನಲ್ಲಿ (ಲಿನಕ್ಸ್ ಶುರು ಮಾಡೋ ಪ್ರೋಗ್ರಾಂ) ಮೆಮ್_ಸ್ಲೀಪ್_ಡೀಫಾಲ್ಟ್=ಡೀಪ್ ಸೇರಿಸಿ ಅಪ್‌ಡೇಟ್-ಗ್ರಬ್ ಮಾಡಿ. ಡೀಪ್ ಪದವೇ ಇಲ್ಲದಿದ್ರೆ ನಿಮ್ಮ ಬಯಾಸ್ (ಮಷೀನ್ ಆನ್ ಆದಾಗ ಮೊದಲು ಓಡೋ ಒಳ ಸಾಫ್ಟ್‌ವೇರ್) ಕೊಡ್ತಿಲ್ಲ, ಬಲವಂತ ಬೇಡ. ವ್ಯಾಟ್ ನೋಡೋಕೆ ಪವರ್‌ಟಾಪ್ ಸಾಕು.

ರಸಬಾಳೆ
ಟಕ್ಸ್ ಅವ್ರೇ, ನುಡಿ ಫೈಲುಗಳು ರಾಶಿ ಇವೆ, ಲಿನಕ್ಸ್ ಸದ್ಯಕ್ಕೆ ಬೇಡ. ರಾತ್ರಿ ಚಾರ್ಜ್ ಹೋಗೋದಕ್ಕೂ ಎನ್‌ವಿಡಿಯಾನೇ ಕಾರಣನಾ?

ವೀಳ್ಯದೆಲೆ
ಇರಬಹುದು, ಆದ್ರೆ ಅದನ್ನ ಬೇರೆಯಾಗೇ ನೋಡಬೇಕು. 35.7ರಲ್ಲಿ 15-20 ಪರ್ಸೆಂಟ್ ಅಂದ್ರೆ ಐದೂಕಾಲರಿಂದ ಏಳು ವ್ಯಾಟ್ ಅವರ್. ಎಂಟು ಗಂಟೆಗೆ ಹಂಚಿದ್ರೆ ಮಲಗಿದ್ದಾಗಲೂ ಮುಕ್ಕಾಲು ವ್ಯಾಟ್ ಆಚೀಚೆ ಹೋಗ್ತಿದೆ.

ಪವರ್‌ಸಿಎಫ್‌ಜಿ /ಎ ಕೊಡಿ. ಸ್ಟ್ಯಾಂಡ್‌ಬೈ ಎಸ್0 ಲೋ ಪವರ್ ಐಡಲ್ ಅಂತ ಬಂದ್ರೆ ನಿಮ್ಮದು ಮಾಡರ್ನ್ ಸ್ಟ್ಯಾಂಡ್‌ಬೈ. ಫೋನಿನ ಹಾಗೆ ಸ್ಕ್ರೀನ್ ಆರಿಸಿ, ಒಳಗೆ ಅರೆ ನಿದ್ದೆ. ಆಮೇಲೆ ಅಡ್ಮಿನ್ ಆಗಿ ಪವರ್‌ಸಿಎಫ್‌ಜಿ /ಸ್ಲೀಪ್‌ಸ್ಟಡಿ. ಹಿಂದಿನ ಮೂರು ದಿನದ ನಿದ್ದೆಯ ಜಾತಕ ಬರುತ್ತೆ. ಪ್ರತಿ ಸಾಲಲ್ಲೂ ಎಚ್‌ಡಬ್ಲ್ಯೂ (ಹಾರ್ಡ್‌ವೇರ್), ಎಸ್‌ಡಬ್ಲ್ಯೂ (ಸಾಫ್ಟ್‌ವೇರ್) ಎಷ್ಟು ಹೊತ್ತು ಗಾಢ ನಿದ್ದೆಯಲ್ಲಿತ್ತು ಅಂತ ಪರ್ಸೆಂಟ್ ಇರುತ್ತೆ. ಎಸ್‌ಡಬ್ಲ್ಯೂ ಹೆಚ್ಚು, ಎಚ್‌ಡಬ್ಲ್ಯೂ ತೀರಾ ಕಡಿಮೆ ಇದ್ರೆ ವಿಂಡೋಸ್ ಮಲಗಲು ಸಿದ್ಧ, ಯಾವುದೋ ಹಾರ್ಡ್‌ವೇರ್ ಅಥವಾ ಅದರ ಡ್ರೈವರ್ ಬಿಡ್ತಿಲ್ಲ ಅಂತ ಅರ್ಥ. ಟಾಪ್ ಅಫೆಂಡರ್ಸ್ ಪಟ್ಟಿಯಲ್ಲಿ ಹೆಸರೂ ಇರುತ್ತೆ. ಎಚ್ಚರ ಇದ್ದಾಗ ಪವರ್‌ಸಿಎಫ್‌ಜಿ /ರಿಕ್ವೆಸ್ಟ್ಸ್ ಕೂಡ ಓಡಿಸಿ. ಹಾಡು ಹಾಕದೇ ಇದ್ರೂ ಆಡಿಯೋ ಸ್ಟ್ರೀಮ್ ಬಳಕೆಯಲ್ಲಿದೆ ಅಂತ ಬಂದ್ರೆ ಹಳೇ ಆಡಿಯೋ ಡ್ರೈವರ್ ಹಿಡ್ಕೊಂಡು ಕೂತಿದೆ.

ಗಂಟೆಗೆ ಒಂದು ಪರ್ಸೆಂಟ್ ಒಳಗಿದ್ರೆ ತಲೆ ಕೆಡಿಸ್ಕೋಬೇಡಿ. ನಿಮ್ಮದು ಎರಡರ ಹತ್ತಿರ.

ಕಬ್ಬಿನಗದ್ದೆ
ರಿಜಿಸ್ಟ್ರಿಯಲ್ಲಿ ಪ್ಲಾಟ್‌ಫಾರ್ಮ್‌ಎಒಎಸಿಓವರ್‌ರೈಡ್ ಸೊನ್ನೆ ಮಾಡಿದ್ರೆ ಹಳೇ ಎಸ್3 ಸ್ಲೀಪ್ (ರ‍್ಯಾಮ್ ಬಿಟ್ಟು ಮಿಕ್ಕಿದ್ದೆಲ್ಲ ಮಲಗೋದು) ಬತ್ತದೆ ಅಂತಾರಲ್ಲ?

ವೀಳ್ಯದೆಲೆ
ಬಯಾಸ್‌ನಲ್ಲಿ ಎಸ್3 ಇದ್ರೆ ಬರುತ್ತೆ. 11ನೇ ತಲೆಮಾರಿನ ಎಷ್ಟೋ ಮಷೀನಲ್ಲಿ ಅದಿಲ್ಲ. ಇಲ್ಲದ ಕಡೆ ಹಾಕಿದ್ರೆ ಇದ್ದ ಸ್ಲೀಪೂ ಹೋಗುತ್ತೆ, ಪವರ್ ಮೆನುವಿನಲ್ಲಿ ಸ್ಲೀಪ್ ಅನ್ನೋ ಸಾಲೇ ಕಾಣಲ್ಲ. ಅದಕ್ಕಿಂತ ಹೈಬರ್ನೇಟ್ (ತೆರೆದ ಕೆಲಸವನ್ನ ಡಿಸ್ಕಿಗೆ ಬರೆದಿಟ್ಟು ಪೂರ್ತಿ ಆಫ್ ಆಗೋದು) ಸುಲಭ. ಅಡ್ಮಿನ್ ಆಗಿ ಪವರ್‌ಸಿಎಫ್‌ಜಿ /ಹೈಬರ್ನೇಟ್ ಆನ್, ಆಮೇಲೆ ಬ್ಯಾಟರಿಯಲ್ಲಿದ್ದಾಗ ಮುಚ್ಚಳ ಮುಚ್ಚಿದ್ರೆ ಹೈಬರ್ನೇಟ್ ಅಂತ ಇಡಿ.

ಕುಕ್ಕರಹಳ್ಳಿ_ಕೊಕ್ಕರೆ
ದಿನಾ ಹೈಬರ್ನೇಟ್ ಮಾಡಿದ್ರೆ ಎಸ್‌ಎಸ್‌ಡಿ ಸವೆಯಲ್ವಾ?

ವೀಳ್ಯದೆಲೆ
ಸವೆಯುತ್ತೆ, ಲೆಕ್ಕಕ್ಕೆ ಬರೋಷ್ಟಲ್ಲ. 16 ಜಿಬಿ ಮಷೀನಲ್ಲಿ ಹೈಬರ್ನೇಟ್ ಫೈಲ್ ಮಾಮೂಲಿಗೆ ರ‍್ಯಾಮಿನ 40 ಪರ್ಸೆಂಟ್, ಆರೂವರೆ ಜಿಬಿ ಅಂದ್ಕೊಳ್ಳಿ. ಒಂದು ಸಲಕ್ಕೆ 5 ಜಿಬಿ ಬರೆದ್ರೂ ದಿನಕ್ಕೆ ಎರಡು ಸಲ ಅಂದ್ರೆ ವರ್ಷಕ್ಕೆ ನಾಲ್ಕು ಟಿಬಿಗಿಂತ ಕಡಿಮೆ. 512 ಜಿಬಿ ಡ್ರೈವ್‌ಗಳಿಗೆ ಸಾಧಾರಣವಾಗಿ 150ರಿಂದ 300 ಟಿಬಿ ಬರಹದ ಭರವಸೆ ಇರುತ್ತೆ. ಲ್ಯಾಪ್‌ಟಾಪಿನ ಕೀಲು ಅದಕ್ಕೆ ಮೊದಲು ಮುರಿಯುತ್ತೆ.

ಅಗ್ರಹಾರ_ಅಮ್ಮಾಳು
ಮ್ಯಾಕ್ ಇರೋರಿಗೂ ಒಂದು ಸಾಲು: ಅಪ್‌ಗ್ರೇಡ್ ಆದ ಮೇಲೆ ಬಿಸಿ ಆಗ್ತಿದ್ರೆ ಆ್ಯಕ್ಟಿವಿಟಿ ಮಾನಿಟರ್‌ನಲ್ಲಿ ಎಂಡಿಎಸ್_ಸ್ಟೋರ್ಸ್ ಮೇಲಿದೆಯಾ ನೋಡಿ. ಸ್ಪಾಟ್‌ಲೈಟ್ (ಮ್ಯಾಕ್‌ನ ಹುಡುಕಾಟ) ಮತ್ತೆ ಪಟ್ಟಿ ಮಾಡ್ತಿದೆ, ಫೋಟೋಸ್ ಮುಖ ಹುಡುಕ್ತಿದೆ. ರಾತ್ರಿ ಚಾರ್ಜಿಗೆ ಹಾಕಿ ಬಿಡಿ, ಮುಗಿಯುತ್ತೆ. ಆಮೇಲೂ ಸ್ಲೀಪಲ್ಲಿ ಚಾರ್ಜ್ ಹೋದ್ರೆ ಟರ್ಮಿನಲ್‌ನಲ್ಲಿ ಪಿಎಂಸೆಟ್ -ಜಿ ಅಸರ್ಷನ್ಸ್ ಕೊಡಿ, ಯಾವುದು ಮಲಗೋಕೆ ಬಿಡ್ತಿಲ್ಲ ಅಂತ ತೋರಿಸುತ್ತೆ.

ಟಕ್ಸ್_ಮಂಡ್ಯ
ಗೇಮಿಂಗ್ ಲ್ಯಾಪ್‌ಟಾಪ್ ಇರೋ ಹುಡುಗ್ರು ಅಡ್ವಾನ್ಸ್ಡ್ ಡಿಸ್‌ಪ್ಲೇ ಒಳಗೆ 144 ಹರ್ಟ್ಜ್ ಇದ್ರೆ ಬ್ಯಾಟರಿಯಲ್ಲಿ 60ಕ್ಕೆ ಇಳಿಸಿ. ಕ್ಲಾಸಲ್ಲಿ ನೋಟ್ಸ್ ಬರಿಯಕ್ಕೆ 144 ಯಾತಕ್ಕೆ.

ರಸಬಾಳೆ
ನೋಡಿದೆ. ಎನ್‌ವಿಡಿಯಾ ಐಕಾನ್‌ಗೆ ಬಣ್ಣ ಇತ್ತು, ಪಟ್ಟಿಯಲ್ಲಿ ಒಂದು ಚಲಿಸೋ ವಾಲ್‌ಪೇಪರ್ ಪ್ರೋಗ್ರಾಂ, ಒಂದು ಚಾಟ್ ಪ್ರೋಗ್ರಾಂ. ಸ್ಲೀಪ್‌ಸ್ಟಡಿಯಲ್ಲಿ ಎಚ್‌ಡಬ್ಲ್ಯೂ ಪರ್ಸೆಂಟ್ ಒಂದಂಕಿ, ರಿಕ್ವೆಸ್ಟ್ಸ್‌ನಲ್ಲಿ ಆಡಿಯೋ ಸ್ಟ್ರೀಮ್. ಡ್ರೈವರ್ ಎಲ್ಲಿಂದ ಹಾಕಲಿ, ಯಾವುದು ಮೊದಲು?

ಸ್ಕ್ರೂಡ್ರೈವರ್
ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟದಲ್ಲಿ ತಳದ ಸ್ಟಿಕ್ಕರಿನ ಸೀರಿಯಲ್ ನಂಬರ್ ಹಾಕಿ, ವಿಂಡೋಸ್ 11 ಅಂತ ಆರಿಸಿ. ಮೊದಲು ಬಯಾಸ್, ಆಮೇಲೆ ಚಿಪ್‌ಸೆಟ್, ಇಂಟೆಲ್ ಡೈನಮಿಕ್ ಟ್ಯೂನಿಂಗ್, ಇಂಟೆಲ್ ಗ್ರಾಫಿಕ್ಸ್, ಎನ್‌ವಿಡಿಯಾ, ವೈಫೈ, ಕೊನೆಗೆ ಆಡಿಯೋ. ಡೈನಮಿಕ್ ಟ್ಯೂನಿಂಗ್ ಬಿಡಬೇಡಿ. ಬಿಸಿ, ಪವರ್ ಮಿತಿ ಎಲ್ಲ ಅದರ ಕೈಯಲ್ಲಿದೆ, ಹೆಚ್ಚಿನವರು ಅದನ್ನೇ ಮರೆಯೋದು. ಸಿಕ್ಕಸಿಕ್ಕ "ಡ್ರೈವರ್ ಅಪ್‌ಡೇಟರ್" ಪ್ರೋಗ್ರಾಂ ಮಾತ್ರ ಬೇಡ.

ಬಯಾಸ್ ಮುಟ್ಟೋಕೆ ಮುಂಚೆ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕಿಗೆ ಹಾಕೋ ಗುಪ್ತ ಬೀಗ) ಆನ್ ಇದೆಯಾ ನೋಡಿ. ಇದ್ರೆ ರಿಕವರಿ ಕೀ 48 ಅಂಕಿ, ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತೆ, ಹಾಳೆಯಲ್ಲಿ ಬರ್ಕೊಳ್ಳಿ. ಬಿಟ್‌ಲಾಕರನ್ನ ಸಸ್ಪೆಂಡ್ ಮಾಡಿ, ಚಾರ್ಜರ್ ಹಾಕಿ, ಆಮೇಲೆ ಬಯಾಸ್. ಕೀ ಇಲ್ಲದೆ ನೀಲಿ ಪರದೆ ಮುಂದೆ ಕೂತ್ರೆ ಯಾವ ಅಂಗಡಿಯವರೂ ಡೇಟಾ ತೆಗೆದುಕೊಡೋಕೆ ಆಗಲ್ಲ.

ಅಗ್ರಹಾರ_ಅಮ್ಮಾಳು
ಹಳೇ ವಿಂಡೋಸ್ 10ಕ್ಕೇ ವಾಪಸ್ ಹೋದ್ರೆ?

ಮಿಲಿವ್ಯಾಟ್
ಗೋ ಬ್ಯಾಕ್ ಗುಂಡಿ ಅಪ್‌ಗ್ರೇಡ್ ಆದ ಹತ್ತು ದಿನ ಮಾತ್ರ ಇರುತ್ತೆ ಮೇಡಂ, ಆ ಅವಧಿಯೊಳಗೇ ಡಿಐಎಸ್‌ಎಂ ಕಮಾಂಡ್ ಕೊಟ್ಟು 60 ದಿನಕ್ಕೆ ವಿಸ್ತರಿಸಬಹುದು. ವಿಂಡೋಸ್.ಓಲ್ಡ್ ಫೋಲ್ಡರ್ ಅಳಿಸಿದ್ರೆ ಅದೂ ಇಲ್ಲ. ವಾಪಸ್ ಹೋದ್ರೂ ಸುರಕ್ಷತಾ ಅಪ್‌ಡೇಟ್‌ಗೆ ಇಎಸ್‌ಯು (ಬೆಂಬಲ ಮುಗಿದ ಮೇಲೂ ಅಪ್‌ಡೇಟ್ ಕೊಡೋ ಯೋಜನೆ) ಸೇರಬೇಕು. ಬ್ಯಾಟರಿಗೋಸ್ಕರ ಅಷ್ಟು ದೂರ ಹೋಗೋ ಕೇಸ್ ಅಲ್ಲ ಇದು.

ರಸಬಾಳೆ
ಡ್ರೈವರ್ ಎಲ್ಲ ಆ ಕ್ರಮದಲ್ಲೇ ಹಾಕಿ, ವಾಲ್‌ಪೇಪರ್ ಪ್ರೋಗ್ರಾಂ ಕಿತ್ತು, ಚಾಟ್ ಪ್ರೋಗ್ರಾಂಗೆ ಪವರ್ ಸೇವಿಂಗ್ ಕೊಟ್ಟೆ. ಐಕಾನ್ ಬಣ್ಣ ಹೋಯ್ತು. ಬ್ರೌಸರ್ + ವರ್ಡ್‌ನಲ್ಲಿ ಈಗ 7 ವ್ಯಾಟ್. ರಾತ್ರಿಗೆ ಹೈಬರ್ನೇಟ್, ಬೆಳಿಗ್ಗೆ ಒಂದು ಪರ್ಸೆಂಟ್ ಕಡಿಮೆ ಅಷ್ಟೆ. ಎಲ್ಲರಿಗೂ ಧನ್ಯವಾದ. ಹೊಸ ಬ್ಯಾಟರಿ ಯಾವಾಗ ಹಾಕಿಸಬೇಕು ಅಂತ ಗೊತ್ತಾಗೋದು ಹೇಗೆ?

ಸ್ಕ್ರೂಡ್ರೈವರ್
ಆ 30ರಿಂದ 5ಕ್ಕೆ ಬೀಳೋ ಆಟ ಶುರುವಾದಾಗ, ಅಥವಾ ಫುಲ್ ಚಾರ್ಜ್ 60 ಪರ್ಸೆಂಟಿನ ಕೆಳಗಿಳಿದು ನಿಮ್ಮ ಕೆಲಸಕ್ಕೆ ಸಾಲದಾದಾಗ. ಟಚ್‌ಪ್ಯಾಡ್ ಉಬ್ಬಿದ್ರೆ ಮಾತ್ರ ಅಂದೇ: ಚಾರ್ಜ್ ನಿಲ್ಲಿಸಿ, ಒತ್ತಬೇಡಿ, ಚುಚ್ಚಬೇಡಿ. ಆ ಬ್ಯಾಟರಿ ಪಾಲಿಕೆ ಕಸದ ಗಾಡಿಗೂ ಹೋಗಬಾರದು, ಗಾಡಿಯೊಳಗೆ ಅದುಮಿದ್ರೆ ಬೆಂಕಿ ಹತ್ತುತ್ತೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆಯೋ ಹೊಣೆ ತಯಾರಕರದ್ದು, ಸರ್ವೀಸ್ ಸೆಂಟರಿಗೆ ಕೊಡಿ.

ಕೊಳ್ಳುವಾಗ ಹಳೇ ಬ್ಯಾಟರಿ ಮೇಲಿನ ಪಾರ್ಟ್ ನಂಬರ್ ಮತ್ತು ವೋಲ್ಟೇಜ್ ತಾಳೆ ಮಾಡಿ. 11.4 ವೋಲ್ಟ್ ಇದ್ದ ಕಡೆ 15.2 ಹಾಕೋ ಹಾಗಿಲ್ಲ. ಬರೀ ಎಂಎಎಚ್ (ಮಿಲಿಆಂಪಿಯರ್ ಅವರ್) ನೋಡಿ ಮರುಳಾಗಬೇಡಿ, ವೋಲ್ಟ್ ಜೊತೆ ಗುಣಿಸಿ ವ್ಯಾಟ್ ಅವರ್ ನೋಡಿ. ಲೇಬಲ್‌ನಲ್ಲಿ ಐಎಸ್ 16046 (ಬ್ಯಾಟರಿ ಸುರಕ್ಷತೆಯ ಭಾರತೀಯ ಮಾನದಂಡ) ಮತ್ತು ಆರ್- ಅಂತ ಶುರುವಾಗೋ ನೋಂದಣಿ ಸಂಖ್ಯೆ ಇರಬೇಕು. ಹಾಕಿಸಿದ ಮೇಲೆ ಅಂಗಡಿಯಲ್ಲೇ ಬ್ಯಾಟರಿರಿಪೋರ್ಟ್ ತೆಗೆಸಿ. ಒಂದೆರಡು ತಿಂಗಳಾದ್ರೂ ಡಿಸೈನ್, ಫುಲ್ ಚಾರ್ಜ್ ಎರಡೂ ಒಂದಂಕಿಯೂ ಬದಲಾಗದೆ ಹಾಗೇ ಇದ್ರೆ ಗೇಜ್ ಚಿಪ್ಪೇ ಸುಳ್ಳು ಹೇಳ್ತಿದೆ ಅಂತ ಅನುಮಾನ ಪಡಿ.

ಕಬ್ಬಿನಗದ್ದೆ
ಬಿಸ್ಲಲ್ಲಿ ಕಾರೊಳಗೆ ಬುಟ್ಟೋಗೋರೂ ಅವ್ರೆ. ಪೂರ್ತಿ ಚಾರ್ಜ್ + ಸೆಕೆ, ಇದಕ್ಕಿಂತ ಬೇಗ ಬ್ಯಾಟರಿ ಕೊಲ್ಲೋದು ಇನ್ನೊಂದಿಲ್ಲ.

ಕುಕ್ಕರಹಳ್ಳಿ_ಕೊಕ್ಕರೆ
ಅದಕ್ಕೇ ಚಾರ್ಜಿಗೆ 80 ಪರ್ಸೆಂಟ್ ಮಿತಿ ಹಾಕೋದು. ಲೆನೊವೊದಲ್ಲಿ ಕನ್ಸರ್ವೇಷನ್ ಮೋಡ್, ಆಸುಸ್‌ನಲ್ಲಿ ಬ್ಯಾಟರಿ ಕೇರ್, ಎಚ್‌ಪಿ ಮತ್ತು ಡೆಲ್‌ನ ಬಹಳ ಮಾಡೆಲ್‌ಗಳಲ್ಲಿ ಬಯಾಸ್‌ನಲ್ಲೇ ಇದೆ. ಅಪ್‌ಗ್ರೇಡ್ ಆದ ಮೇಲೆ "100 ಆಗ್ತಿಲ್ಲ" ಅಂತ ಗಾಬರಿ ಬೀಳೋರು ಮೊದಲು ಇದನ್ನ ನೋಡಿ, ಹಳೇ ಮಿತಿ ಮಷೀನಲ್ಲೇ ಉಳಿದಿರುತ್ತೆ.

ಅಗ್ರಹಾರ_ಅಮ್ಮಾಳು
ಕರೆಂಟ್ ಹೋಗೋ ಊರಲ್ಲಿ 80ಕ್ಕೆ ನಿಲ್ಸಿದ್ರೆ ನಡುವೆ ಮೀಟಿಂಗ್ ಇದ್ರೆ ಏನು ಗತಿ?

ಮಿಲಿವ್ಯಾಟ್
35.7ರ 80 ಪರ್ಸೆಂಟ್ ಸುಮಾರು 28.6 ವ್ಯಾಟ್ ಅವರ್. ವಿಡಿಯೋ ಮೀಟಿಂಗ್‌ಗೆ 12 ವ್ಯಾಟ್ ಅಂದ್ರೂ ಎರಡು ಗಂಟೆ ಮೇಲೆ. ಮೀಟಿಂಗ್ ನಿಲ್ಲೋದು ಲ್ಯಾಪ್‌ಟಾಪಿಂದಲ್ಲ, ವೈಫೈ ರೂಟರ್ ಆಫ್ ಆಗಿ.

ಟಕ್ಸ್_ಮಂಡ್ಯ
ರೂಟರಿಗೆ ಮಿನಿ ಯುಪಿಎಸ್ ಸಾಕು. ರೂಟರ್ ಅಡಾಪ್ಟರ್ ಮೇಲೆ ಔಟ್‌ಪುಟ್ 12 ವೋಲ್ಟ್ 1 ಆಂಪಿಯರ್ ಅಂತ ಇದೆಯಾ, 9 ವೋಲ್ಟಾ ಅಂತ ಓದ್ಕೊಂಡು ತಗೊಳ್ಳಿ. ಫೈಬರ್ ಡಬ್ಬ ಬೇರೆ, ರೂಟರ್ ಬೇರೆ ಇದ್ರೆ ಎರಡಕ್ಕೂ ಬೇಕು.